ಸ್ಕೋಪ್ ಕೇಳುವ ಮೊದಲು ಬ್ಯಾಡ್ಜ್ ಕೇಳಿ

ಹನ್ನೆರಡನೆಯ ಕ್ಲಾಸಿನ ರಿಸಲ್ಟ್ ಬಂತೆಂದರೆ ನನಗೆ ಫೋನ್ ಶುರು. ಡೊಂಬಿವಲಿಯಿಂದ, ಭಾಂಡುಪಿನಿಂದ, ಊರಿಂದಲೂ. "ಮಗಳನ್ನು ಎಕ್ಸ್‌ರೇ, ಸ್ಕ್ಯಾನಿಂಗ್ ಕೋರ್ಸಿಗೆ ಸೇರಿಸುವ ಅಂತ ಅಣ್ಣ. ಸ್ಕೋಪ್ ಉಂಟಾ? ಇನ್ನು ಎಲ್ಲ ಎಐಯೇ ಮಾಡ್ತದಂತಲ್ಲ?" ಇದೇ ಕೆಲಸ ಮಾಡಿಕೊಂಡು ಮುಂಬಯಿಯಲ್ಲಿ ಸಂಸಾರ ನಡೆಸಿದವನು ನಾನು. ಎಲ್ಲರಿಗೂ ಒಟ್ಟಿಗೆ ಇಲ್ಲೇ ಬರೆಯುತ್ತೇನೆ.

ಕೆಲಸ ಇದೆ. ಥಾಣೆಯ ಘೋಡ್‌ಬಂದರ್ ರಸ್ತೆ, ಕಲ್ಯಾಣ್, ವಸಾಯಿ, ಪನ್ವೇಲ್ ಎಲ್ಲಿ ಹೋದರೂ ಹೊಸ ಕಟ್ಟಡದ ಕೆಳಗೊಂದು ಡಯಾಗ್ನೋಸ್ಟಿಕ್ ಸೆಂಟರ್. ಮಿಷನ್ ತಂದಿಟ್ಟ ಮೇಲೆ ನಡೆಸುವವರು ಬೇಕಲ್ವಾ? ಎಂಥ ಕೆಲಸ ಸಿಗುತ್ತದೆ ಅನ್ನುವುದೇ ನನ್ನ ಚಿಂತೆ.

ಎಐ ಮಾತು ಮೊದಲು ಮುಗಿಸುತ್ತೇನೆ. 2016ರಲ್ಲಿ ಜೆಫ್ರಿ ಹಿಂಟನ್ ಎಂಬ ಕಂಪ್ಯೂಟರ್ ವಿಜ್ಞಾನಿ, ಇನ್ನು ರೇಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವುದನ್ನೇ ನಿಲ್ಲಿಸಿ ಎಂದಿದ್ದರು. 2024ರಲ್ಲಿ ಅವರಿಗೆ ನೊಬೆಲ್ ಬಂತು, ರೇಡಿಯಾಲಜಿಸ್ಟ್‌ಗಳಿಗೆ ಬೇಡಿಕೆ ಹಾಗೇ ಇದೆ. ಅವರು ಹೇಳಿದ್ದೂ ಫಿಲ್ಮ್ ಓದುವ ಡಾಕ್ಟರ ಬಗ್ಗೆ. ತೆಗೆಯುವ ನಮ್ಮ ಬಗ್ಗೆ ಅಲ್ಲ. ನಮ್ಮ ಮುಂಬಯಿಯದೇ ಕ್ಯೂರ್.ಎಐ ಕಂಪನಿಯ ಸಾಫ್ಟ್‌ವೇರ್ ಎದೆಯ ಎಕ್ಸ್‌ರೇಯಲ್ಲಿ ಟಿಬಿ ಗುರುತು ಹುಡುಕುತ್ತದೆ. ಇಂಥ ಸಾಫ್ಟ್‌ವೇರನ್ನು ಟಿಬಿ ತಪಾಸಣೆಗೆ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಒಳ್ಳೆಯದೇ. ಆದರೆ ಅದು ಓದುವುದು ನಾವು ತೆಗೆದುಕೊಟ್ಟ ಫಿಲ್ಮನ್ನು.

ಒಂದು ಎದೆಯ ಎಕ್ಸ್‌ರೇ ತೆಗೆಯುವುದನ್ನೇ ನೋಡಿ. ಗದ್ದ ಮೇಲೆತ್ತಿಸಬೇಕು. ಕೈ ಸೊಂಟದ ಮೇಲಿಡಿಸಿ ಭುಜ ಮುಂದಕ್ಕೆ ತಳ್ಳಿಸಬೇಕು, ಹೆಗಲ ಮೂಳೆ ಶ್ವಾಸಕೋಶಕ್ಕೆ ಅಡ್ಡ ಬರಬಾರದಲ್ಲ. ಮೈ ಚೂರು ತಿರುಗಿದರೂ ಎರಡು ಕಡೆಯ ಕಾಲರ್ ಮೂಳೆ ಸಮವಾಗಿ ಬೀಳುವುದಿಲ್ಲ. "ಸಾಂಸ್ ಅಂದರ್ ಲೋ... ರೋಕೋ" ಎಂದು ಹೇಳಿ, ನಿಜವಾಗಿ ಹಿಡಿದಿದ್ದಾರಾ ನೋಡಿ ಬಟನ್ ಒತ್ತಬೇಕು. ಅರ್ಧ ಉಸಿರಿನಲ್ಲಿ ತೆಗೆದರೆ ಹೃದಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಶ್ವಾಸಕೋಶದ ಬುಡದಲ್ಲಿ ಇಲ್ಲದ ನ್ಯುಮೋನಿಯಾ ಇದ್ದ ಹಾಗೆ ತೋರುತ್ತದೆ. ಸೊಂಟ ಮುರಿದು ನೋವಿನಲ್ಲಿ ಕೂಗುವ ಅಜ್ಜಿಯನ್ನು ಸಮಾಧಾನ ಮಾಡಿ, ಕಾಲು ಅಲುಗಿಸದೆ ಪಕ್ಕದಿಂದ ಫಿಲ್ಮ್ ತೆಗೆಯುವುದನ್ನು ಯಾವ ಸಾಫ್ಟ್‌ವೇರೂ ಇನ್ನೂ ಕಲಿತಿಲ್ಲ.

ಬದಲಾವಣೆ ಬೇರೆ ಕಡೆ ಆಗುತ್ತಿದೆ. ಎಂಆರ್‌ಐ ಚಿತ್ರ ಕಟ್ಟುವ ಕೆಲಸಕ್ಕೂ ಎಐ ಬಂದು ಸ್ಕ್ಯಾನ್ ಬೇಗ ಮುಗಿಯುತ್ತಿದೆ. ಅಂದರೆ ಅದೇ ಶಿಫ್ಟಿನಲ್ಲಿ ಜಾಸ್ತಿ ರೋಗಿಗಳು. ಒಂದು ಕಡೆ ಕೂತು ಬೇರೆ ಊರಿನ ಸ್ಕ್ಯಾನರ್ ನಡೆಸುವ ವ್ಯವಸ್ಥೆಯೂ ಬಂದಿದೆ. ಸಿಟಿ ಸ್ಕ್ಯಾನ್, ಎಂಆರ್‌ಐ ಪ್ರೋಟೋಕಾಲ್, ಅಂದರೆ ಯಾವ ಸ್ಕ್ಯಾನ್ ಹೇಗೆ ತೆಗೆಯಬೇಕೆಂಬ ಕ್ರಮ, ಚೆನ್ನಾಗಿ ಬಲ್ಲವರು ಆ ಕುರ್ಚಿಗೆ ಹೋಗುತ್ತಾರೆ. ಬಟನ್ ಮಾತ್ರ ಗೊತ್ತಿರುವವರು ರೋಗಿಯನ್ನು ಟೇಬಲ್ ಹತ್ತಿಸಿ ಇಳಿಸುವಲ್ಲೇ ಉಳಿಯುತ್ತಾರೆ. ರಾತ್ರಿಯ ರಿಪೋರ್ಟ್ ಈಗ ಎಷ್ಟೋ ಸೆಂಟರ್‌ಗಳಿಗೆ ದೂರದ ಊರಿಂದ ಬರುತ್ತದೆ. ಸೆಂಟರಿನಲ್ಲಿರುವುದು ಟೆಕ್ನಿಷಿಯನ್ ಒಬ್ಬರೇ. ಕಾಂಟ್ರಾಸ್ಟ್, ಅಂದರೆ ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣಲೆಂದು ಚುಚ್ಚುವ ಔಷಧಿ, ಕೊಟ್ಟ ರೋಗಿಗೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ ಮೊದಲು ನೋಡಬೇಕಾದವರು ಅವರೇ. ಪಕ್ಕದಲ್ಲಿ ಡಾಕ್ಟರ್ ಇಲ್ಲದೆ ಕಾಂಟ್ರಾಸ್ಟ್ ಕೊಡು ಎಂದರೆ ಆಗುವುದಿಲ್ಲ ಎನ್ನಲು ನಮ್ಮ ಮಕ್ಕಳಿಗೆ ಧೈರ್ಯ ಬೇಕು. ಇಷ್ಟು ಹೊಣೆ ಹೊರಿಸಿ, ಏಜೆನ್ಸಿ ಮೂಲಕ ಹನ್ನೊಂದು ತಿಂಗಳ ಕಾಂಟ್ರಾಕ್ಟ್ ಕೊಡುತ್ತಾರಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ. ಮೊದಲ ಸಂಬಳ ಪಿಜಿ ಬಾಡಿಗೆಗೂ ಲೋಕಲ್ ಪಾಸಿಗೂ ಸರಿಹೋಗುತ್ತದೆ, ಅಷ್ಟೇ.

ಹೆಣ್ಣುಮಕ್ಕಳ ತಾಯಂದಿರು ಕೇಳುವುದು ಇನ್ನೊಂದು. ರೇಡಿಯೇಶನ್ ಅಪಾಯ ಅಲ್ವಾ? ನೇರ ಉತ್ತರ: ಗೋಡೆ, ಸೀಸದ ಗ್ಲಾಸ್, ಸೀಸದ ಏಪ್ರನ್ ಸರಿ ಇದ್ದು ನಿಯಮದಂತೆ ಕೆಲಸ ಮಾಡಿದರೆ ನಮ್ಮ ಮೈಗೆ ಬೀಳುವುದು ಮಿತಿಗಿಂತ ತುಂಬಾ ಕಡಿಮೆ. ಆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬಿದ್ದ ರೇಡಿಯೇಶನ್ ಅಳೆಯುವ ಲೆಕ್ಕ). ಯಾವ ವರ್ಷವೂ 30 ದಾಟುವಂತಿಲ್ಲ. ಗರ್ಭಿಣಿ ಎಂದು ತಿಳಿಸಿದ ಮೇಲೆ ಹೊಟ್ಟೆಯಲ್ಲಿರುವ ಮಗುವಿಗೆ 1 ಮಿಲಿಸೀವರ್ಟ್ ಮಾತ್ರ. ಇದನ್ನು ನಿಗದಿ ಮಾಡಿದ ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಇರುವುದೂ ಮುಂಬಯಿಯಲ್ಲೇ, ಅಣುಶಕ್ತಿನಗರದಲ್ಲಿ.

ಆದರೆ ಎಷ್ಟು ಬಿತ್ತು ಎಂದು ಹೇಳುವುದು ಯಾರು? ಟಿಎಲ್‌ಡಿ ಬ್ಯಾಡ್ಜ್. ಅಂಗೈಯಲ್ಲಿ ಮುಚ್ಚಿಡಬಹುದಾದ ಸಣ್ಣ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೂರು ಬಿಳಿ ಬಿಲ್ಲೆಗಳಿರುವ ಕಾರ್ಡು. ಎದೆಯ ಮೇಲೆ, ಏಪ್ರನ್ನಿನ ಒಳಗೆ ಹಾಕಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಕಾರ್ಡು ಲ್ಯಾಬಿಗೆ ಹೋಗಿ ರಿಪೋರ್ಟ್ ಬರುತ್ತದೆ. ನಮ್ಮ ನಂಬರ್ ಒಮ್ಮೆ ಬಂದರೆ ಕೆಲಸ ಬದಲಿಸಿದರೂ ಅದೇ ನಂಬರ್. ನಾನು ಮೊದಮೊದಲು ಕೆಲಸ ಮಾಡಿದ ಒಂದು ಸೆಂಟರಿನಲ್ಲಿ ಬ್ಯಾಡ್ಜುಗಳೆಲ್ಲ ಮ್ಯಾನೇಜರ ಡ್ರಾವರಿನಲ್ಲಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿರುತ್ತಿದ್ದವು. ಯಾರಾದರೂ ತಪಾಸಣೆಗೆ ಬರುತ್ತಾರೆ ಎಂದಾಗ ಹೊರಗೆ. ಬಿಟ್ಟುಹೋದವರ ಹೆಸರಿನ ಬ್ಯಾಡ್ಜನ್ನೇ ಹೊಸ ಹುಡುಗನಿಗೆ ಹಾಕಿಸುತ್ತಿದ್ದರು. ಡ್ರಾವರಿನಲ್ಲಿ ಮಲಗಿದ ಬ್ಯಾಡ್ಜಿನ ರಿಪೋರ್ಟ್ ಪ್ರತಿ ಸಲ ಸೊನ್ನೆ. ಆ ಹುಡುಗನ ಮೈಗೆ ಬಿದ್ದದ್ದು ಯಾವ ಲೆಕ್ಕಕ್ಕೂ ಬರಲಿಲ್ಲ.

ಅದಕ್ಕೇ ಹೇಳುವುದು, ಇಂಟರ್‌ವ್ಯೂನಲ್ಲಿ ಸಂಬಳಕ್ಕೆ ಮೊದಲು ಇದನ್ನು ಕೇಳಿ: "ನನ್ನ ಹೆಸರಿನಲ್ಲಿ ಟಿಎಲ್‌ಡಿ ಬ್ಯಾಡ್ಜ್ ಯಾವಾಗ ಬರುತ್ತದೆ? ರಿಪೋರ್ಟ್ ನನಗೆ ತೋರಿಸುತ್ತೀರಾ?" ಉತ್ತರ ತೊದಲಿದರೆ ಎದ್ದು ಬನ್ನಿ. ಬ್ಯಾಡ್ಜ್ ಕೊಡದವರು ಪಿಎಫ್ ಕಟ್ಟುತ್ತಾರೆ, ರಜೆ ಕೊಡುತ್ತಾರೆ, ಹೊಸ ಮಿಷನ್ ಕಲಿಸುತ್ತಾರೆ ಎಂದು ನಾನಂತೂ ನಂಬುವುದಿಲ್ಲ. ಎಂಆರ್‌ಐ ಮಾತ್ರ ಮಾಡುವವರಿಗೆ ಈ ಬ್ಯಾಡ್ಜ್ ಬೇಕಿಲ್ಲ, ಅಲ್ಲಿ ಎಕ್ಸ್‌ರೇ ಇಲ್ಲ. ಅಲ್ಲಿಯ ಅಪಾಯ ಅಯಸ್ಕಾಂತದ್ದು. 2018ರ ಜನವರಿಯಲ್ಲಿ ಇದೇ ಮುಂಬಯಿಯಲ್ಲಿ ಎಂಆರ್‌ಐ ರೂಮಿಗೆ ಆಕ್ಸಿಜನ್ ಸಿಲಿಂಡರ್ ಒಯ್ದ ಯುವಕನೊಬ್ಬ ಸತ್ತುಹೋದ. ರೋಗಿಯ ಸಂಬಂಧಿ ಅವನು.

ಕೋರ್ಸ್ ವಿಷಯ. ಆರು ತಿಂಗಳ ಸರ್ಟಿಫಿಕೇಟಿಗೆ ದುಡ್ಡು ಸುರಿಯಬೇಡಿ. ನಮ್ಮಂಥವರಿಗಾಗಿ 2021ರಲ್ಲಿ ಬಂದ ಕೇಂದ್ರದ ಕಾಯ್ದೆ ಕನಿಷ್ಠ ಎರಡು ವರ್ಷ, 2000 ಗಂಟೆಯ ಓದು ಕೇಳುತ್ತದೆ. ಆದರೆ ಮೂರು ವರ್ಷದ ಡಿಗ್ರಿ, ಮೇಲೆ ಇಂಟರ್ನ್‌ಶಿಪ್ ಇರುವುದನ್ನೇ ಹಿಡಿಯಿರಿ. ಮಂಗಳೂರು, ಮಣಿಪಾಲದಲ್ಲಿ ಅಜ್ಜಿ ಮನೆ ಇದ್ದರೆ ಅಲ್ಲೇ ಓದಿಸಿ, ಖರ್ಚೂ ಕಡಿಮೆ. ಸೋನೋಗ್ರಫಿ, ಅಂದರೆ ಅಲ್ಟ್ರಾಸೌಂಡ್ ಸ್ಕ್ಯಾನ್, ಕಲಿಸಿ ಇಲ್ಲೇ ಕೆಲಸ ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಹೊರದೇಶಗಳಲ್ಲಿ ಅದು ಟೆಕ್ನಿಷಿಯನ್ ಕೆಲಸ. ನಮ್ಮಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ ಇರುವುದರಿಂದ ಅದು ಡಾಕ್ಟರೇ ಮಾಡಬೇಕಾದದ್ದು. ಮತ್ತೆ, ರೇಡಿಯೇಶನ್ ಕೊಟ್ಟು ಕ್ಯಾನ್ಸರ್ ಗುಣಪಡಿಸುವ ರೇಡಿಯೋಥೆರಪಿ ಕಡೆಗೂ ಒಮ್ಮೆ ನೋಡಿ. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆ, ಖಾರ್‌ಘರ್‌ನ ಅವರ ಕೇಂದ್ರ ಇರುವ ಊರಿದು. ನಮ್ಮ ಮಕ್ಕಳು ಆ ಕಡೆ ಹೋಗುವುದು ಕಮ್ಮಿ, ಯಾಕೋ ಗೊತ್ತಿಲ್ಲ.

ಕಾಲೇಜಿನ ಕಾಗದ, ಆಫರ್ ಲೆಟರ್ ಏನಿದ್ದರೂ ಇನ್‌ಬಾಕ್ಸಿಗೆ ಕಳಿಸಿ, ಸಹಿ ಹಾಕುವ ಮೊದಲು. ಓದಿ ಹೇಳುತ್ತೇನೆ. ಫೋನ್ ಮಾಡುವುದಿದ್ದರೆ ಭಾನುವಾರ ಮಧ್ಯಾಹ್ನದ ಮೇಲೆ ಮಾಡಿ, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.