ತಿಳಿನೀರಿನ ಸಾಲಿಗೆ ತಗ್ಗುವ ದನಿ

ಜೋಗುಳ ಹಾಡುವವರೇ ಈಗ ಇಲ್ಲ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಇನ್ನೂ ಇದ್ದಾರೆ. ‘ಆಡಿ ಬಾ ನನ ಕಂದ’ ಅಂತ ಅಜ್ಜಿ ಹಾಡುತ್ತಿದ್ದರು, ಮೂರೇ ಸಾಲಿನ ತ್ರಿಪದಿ. ಹೆಂಗಸರ ಇಂಥ ಹಾಡುಗಳನ್ನು, ಜನಪದ ಹಾಡು ಕೂಡಿಹಾಕುತ್ತಿದ್ದ ‘ಹಲಸಂಗಿ ಗೆಳೆಯರು’ ಅನ್ನೋ ಬಳಗದವರು 1931ರಲ್ಲೇ ‘ಗರತಿಯ ಹಾಡು’ ಅಂತ ಅಚ್ಚು ಹಾಕಿಸಿದ್ದರು, ಆದರೆ ಅಜ್ಜಿಗೆ ಓದೋಕೆ ಬರುತ್ತಿರಲಿಲ್ಲ, ಅವರಿಗೆ ಅದು ಅವರಮ್ಮನ ಹಾಡು ಅಷ್ಟೇ. ತೊಲೆಗೆ ಹಳೇ ಇಳಕಲ್ ಸೀರೆ ಕಟ್ಟಿ, ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ತೂಗುತ್ತಾ, ಮೊರದಲ್ಲಿ ಅಕ್ಕಿ ಆರಿಸುತ್ತಾ ಹಾಡುತ್ತಿದ್ದರು. ತೆಂಗಿನಕಾಯಿ ತಿಳಿನೀರಿನ ಸಾಲು ಬಂದರೆ ದನಿ ತಗ್ಗುತ್ತಿತ್ತು. ಅಮ್ಮನದೂ ಅಲ್ಲೇ ತಗ್ಗುತ್ತಿತ್ತು. ಮೊನ್ನೆ ನನ್ನ ಮಗಳು ಕೂಸಿಗೆ ಹಾಡುತ್ತಿದ್ದಳು, ಅವಳದೂ ಅಲ್ಲೇ! ಯಾರೂ ಹೇಳಿಕೊಟ್ಟಿದ್ದಲ್ಲ. ಬಾಗಿಲ ಹಿಂದೆ ನಿಂತು ಸುಮ್ನೆ ಅತ್ತುಬಿಟ್ಟೆ.