ಹಗ್ಗಕ್ಕೆ ಬೇರೆ ರೇಟು

ಏಪ್ರಿಲ್ ಕೊನೆಗೆ ಒಂದು ಸಂಜೆ ಗುಡುಗಿದರೆ ಸಾಕು, ತುಮಕೂರಿನ ಬಡಾವಣೆಗಳಲ್ಲಿ ಎಲ್ಲರ ಕಣ್ಣು ಪಕ್ಕದ ಮನೆಯ ಗುಲ್‌ಮೊಹರ್ ಮೇಲೆ ಬೀಳುತ್ತದೆ. ತಮ್ಮ ಮನೆಯದ್ದರ ಮೇಲೆ ಬೀಳುವುದಿಲ್ಲ. ಅದನ್ನು ನೋಡಿ ಹೆದರುವುದು ಆ ಕಡೆ ಮನೆಯವರ ಕರ್ತವ್ಯ.

ಹಾಗಂತ ಮರ ತಾನಾಗಿ ಅಪಾಯಕಾರಿ ಆಗಿಬಿಡುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಸಾರ್ವಜನಿಕ ಸಹಕಾರ ಬೇಕು. ಮೊದಲು ಚರಂಡಿಯವರು ಬಂದು ಒಂದು ಪಕ್ಕದ ಬೇರು ಕಡಿದು ಹೋಗುತ್ತಾರೆ. ಆ ಗುಂಡಿ ಮುಚ್ಚುವಷ್ಟರಲ್ಲಿ ಕೇಬಲ್‌ನವರು ಇನ್ನೊಂದು ಪಕ್ಕ ಅಗೆಯುತ್ತಾರೆ. ಆಮೇಲೆ ಊರು ಸ್ಮಾರ್ಟ್ ಆಗುತ್ತದೆ. ಫುಟ್‌ಪಾತ್‌ಗೆ ಕಾಂಕ್ರೀಟ್ ಸುರಿದು, ಕಾಂಡದ ಸುತ್ತ ಬೆರಳು ತೂರದ ಹಾಗೆ ಟೈಲ್ಸ್ ಕೂರಿಸುತ್ತಾರೆ. ಮರದ ಸುತ್ತ ಒಂದು ಮೀಟರ್ ಜಾಗ ಕಾಂಕ್ರೀಟ್ ಇಲ್ಲದೆ ಬಿಡಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ಆದರೆ ಹೇಳಿದ್ದು ದೆಹಲಿಗೆ. ನಮ್ಮ ಮರಗಳಿಗೆ ಹಿಂದಿ ಬರುವುದಿಲ್ಲ. ಉಳಿದ ಕಾಂಡಕ್ಕೆ ಮೊಳೆ ಹೊಡೆದು ಸ್ಪೋಕನ್ ಇಂಗ್ಲಿಷ್, ಮೂಲವ್ಯಾಧಿ, ಲೇಡೀಸ್ ಪಿಜಿ ಬೋರ್ಡುಗಳನ್ನು ತೂಗುಹಾಕುತ್ತೇವೆ. ಕಡೆಗೆ ಮಳೆಗಾಲಕ್ಕೆ ಮುಂಚೆ ಕರೆಂಟಿನವರು ಬಂದು ತಂತಿಯ ಕಡೆಯ ಕೊಂಬೆಗಳನ್ನಷ್ಟೇ ಬೋಳಿಸುತ್ತಾರೆ. ಈಗ ಇಡೀ ಮರದ ಭಾರ ಮನೆಯ ಕಡೆಗೆ. ಅದು ಬಿದ್ದ ಮಾರನೇ ದಿನ ಪತ್ರಿಕೆಯಲ್ಲಿ ಬರುತ್ತದೆ: ಭಾರೀ ಗಾಳಿ ಮಳೆಗೆ ಧರೆಗುರುಳಿದ ಮರ. ಗಾಳಿಗೆ ವಕೀಲರಿಲ್ಲ, ಪಾಪ.

ಬೀಳುವ ಮೊದಲೇ ತೆಗೆಸೋಣ ಅಂತ ಹೊರಟಿರೋ, ಅಲ್ಲಿಂದ ಕಾಗದದ ಕಾಡು ಶುರು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಒಳ್ಳೆಯ ಕಾಯ್ದೆ. ಸತ್ತ ಮರ, ರೋಗದ ಮರ, ಗಾಳಿಗೆ ಬಿದ್ದ ಮರ, ಪ್ರಾಣಕ್ಕೋ ಆಸ್ತಿಗೋ ಅಪಾಯ ತರುವ ಮರ ಇವಕ್ಕೆಲ್ಲ ಅನುಮತಿ ಕೊಡಬಹುದೆಂದು ಸ್ಪಷ್ಟವಾಗಿ ಬರೆದಿದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ಗೆ ಅನುಮತಿಯೇ ಬೇಡ, ತಿಪಟೂರಿನವರು ಬಚಾವ್. ಗುಲ್‌ಮೊಹರ್ ಮಾತ್ರ ಮಡಗಾಸ್ಕರಿನಿಂದ ಬಂದು ನಮ್ಮ ಕಡತಗಳಲ್ಲಿ ಸಿಕ್ಕಿಹಾಕಿಕೊಂಡಿದೆ.

ಎಸ್.ಎಸ್. ಪುರಂ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಕಥೆ ಕೇಳಿ. ಅವರ ಗುಲ್‌ಮೊಹರಿನ ಬುಡ ಸೈಟಿನೊಳಗೆ, ಕಾಂಡ ಫುಟ್‌ಪಾತ್ ಮೇಲೆ ಬಾಗಿದೆ, ಒಂದು ಕೊಂಬೆ 11 ಕೆವಿ ತಂತಿಯ ಹತ್ತಿರ. ಮೊದಲನೇ ಕಚೇರಿಯವರು ಬುಡ ನೋಡಿ ಇದು ನಿಮ್ಮದು ಅಂದರು. ಎರಡನೇ ಕಚೇರಿಯವರು ಕಾಂಡ ನೋಡಿ ಇದು ಅವರದು ಅಂದರು. ಮೂರನೇ ಕಚೇರಿಯವರು ಕೊಂಬೆ ನೋಡಿ, ಅವರಿಬ್ಬರೂ ಬರೆದುಕೊಟ್ಟರೆ ಲೈನ್ ಆಫ್ ಮಾಡ್ತೀವಿ ಅಂದರು. ಮರ ಅಪಾಯಕಾರಿ ಅನ್ನುವುದಕ್ಕೆ ಫೋಟೋ ಕೇಳಿದರು, ಕೊಟ್ಟರು. ಗುಮಾಸ್ತರು ಫೋಟೋ ತಿರುಗಿಸಿ ಮುರುಗಿಸಿ ನೋಡಿ, "ಇದ್ರಲ್ಲಿ ನಿಂತೇ ಇದೆಯಲ್ಲ ಸಾರ್. ಬಿದ್ದಿರೋದು ಇದ್ರೆ ಕೊಡಿ, ಬೇಗ ಆಗುತ್ತೆ" ಅಂದರಂತೆ.

ಒಂದು ಮರಕ್ಕೆ ಇಷ್ಟೆಲ್ಲ. ರಸ್ತೆ ಅಗಲಿಸುವುದಕ್ಕಾದರೆ ಕಡತಕ್ಕೆ ರೆಕ್ಕೆ ಬರುತ್ತದೆ. 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ನಾಡಿನ ಎಂಜಿನಿಯರುಗಳಿಗೆ 49ರ ಮಗ್ಗಿ ಬಾಯಿಪಾಠ ಬಂದರೆ ಆಶ್ಚರ್ಯ ಬೇಡ. ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಆಕೆ, ರಸ್ತೆ ಅಗಲ ಮಾಡುವುದಕ್ಕೆ ನನ್ನ ಆಲದ ಮರ ಕಡಿಯಬೇಡಿ ಅಂತ ಮುಖ್ಯಮಂತ್ರಿಯನ್ನು ಬೇಡಿಕೊಳ್ಳಬೇಕಾಯಿತು. ಪ್ರಶಸ್ತಿ ಕೊಟ್ಟವರೂ ಸರ್ಕಾರವೇ, ಗರಗಸ ಹಿಡಿದು ನಿಂತವರೂ ಸರ್ಕಾರವೇ.

ಮೇಷ್ಟ್ರ ವಿಷಯಕ್ಕೆ ಬರೋಣ. ಒಂದು ರಾತ್ರಿ ಕೊಂಬೆಯೊಂದು ಲಟಕ್ಕನೆ ಮುರಿದು ಎದುರು ಮನೆಯ ಸ್ಕೂಟರ್ ಮೇಲೆ ಬಿತ್ತು. ಅವರ ತಾಳ್ಮೆಯೂ ಅಲ್ಲಿಗೇ ಮುರಿಯಿತು. ಮರ ಕೊಯ್ಯುವವನನ್ನು ಕರೆಸಿದರು. ಅವನು ಮರಕ್ಕೆ ಒಂದು ಸುತ್ತು ಬಂದ, ಮಚ್ಚಿನ ಹಿಂಬದಿಯಿಂದ ಕಾಂಡಕ್ಕೆ ಎರಡು ಕಡೆ ಬಡಿದ. ಒಂದು ಕಡೆ ಟಣ್, ಇನ್ನೊಂದು ಕಡೆ ಡಬ್.

"ಒಳಗೆ ಪೊಳ್ಳು ಬಿದ್ದೈತೆ ಸಾರ್. 22,000 ಆಗುತ್ತೆ."

"ಮರವೆಲ್ಲ ನೀನೇ ತಗೊಂಡು ಹೋಗ್ತೀಯಲ್ಲೋ! ನಮ್ಮೂರಲ್ಲಿ ಹಲಸಿನ ಮರಕ್ಕೆ ಅವರೇ ದುಡ್ಡು ಕೊಟ್ಟು ಕಡ್ಕೊಂಡ್ ಹೋಗ್ತಾರೆ."

"ಹಲಸಾಗಿದ್ರೆ ನಾನೂ ಕೊಡ್ತಿದ್ದೆ ಸಾರ್. ಇದನ್ನ ಸಾಮಿಲ್‌ನೋರು ಮುಟ್ಟಲ್ಲ. ಗಾಡಿ ಬಾಡಿಗೆ ನನ್ ಮೈಮೇಲೆ."

ಅವನು ಹೇಳಿದ ಲೆಕ್ಕ ಸರಿಯಾಗಿಯೇ ಇತ್ತು. ಬೀದಿಯ ಎರಡೂ ಬದಿ ಕಾರು, ಕ್ರೇನ್ ಒಳಗೆ ಬರಲ್ಲ. ಕಾಂಡ ರಸ್ತೆ ಕಡೆ ಬಾಗಿದ್ರೂ ಕೊಂಬೆಗಳ ಭಾರವೆಲ್ಲ ಮನೆಯ ಕಡೆ, ಪೂರ್ತಿ ಬೀಳಿಸೋ ಹಾಗಿಲ್ಲ. ತುದಿಯಿಂದ ತುಂಡು ತುಂಡಾಗಿ ಕೊಯ್ದು ಹಗ್ಗದಲ್ಲಿ ಇಳಿಸಬೇಕು. ಎರಡು ಅಡಿ ದಪ್ಪ, ಆರು ಅಡಿ ಉದ್ದದ ಒಂದು ಹಸಿ ದಿಮ್ಮಿ ಅಂದರೆ 400 ಕಿಲೋ ದಾಟುತ್ತದೆ. ಅದನ್ನು ತಡೆಯುವ ಹಗ್ಗ ಬೇಕು, ಹಗ್ಗ ಹಿಡಿಯುವ ಆಳು ಬೇಕು. ಪೊಳ್ಳು ಮರಕ್ಕೆ ಹಗ್ಗ ಎಲ್ಲೆಂದರಲ್ಲಿ ಕಟ್ಟುವ ಹಾಗೂ ಇಲ್ಲ. ಗಟ್ಟಿ ಮರಕ್ಕಿಂತ ಸತ್ತ ಮರಕ್ಕೆ ಜಾಸ್ತಿ ರೇಟು ಯಾಕೆ ಅನ್ನುವವರಿಗೆ ಉತ್ತರ ಇಷ್ಟೇ: ಅದು ಹತ್ತಿದವನನ್ನು ಹೊರುತ್ತದೋ ಇಲ್ಲವೋ ಅನ್ನುವುದು ಹತ್ತಿದ ಮೇಲೇ ಗೊತ್ತಾಗುವುದು.

ಮೇಷ್ಟ್ರು 35 ವರ್ಷ ಲೆಕ್ಕ ಹೇಳಿಕೊಟ್ಟವರು, ಕಳೆಯುವುದರಲ್ಲಿ ಎತ್ತಿದ ಕೈ. "18 ಮಾಡ್ಕೋ" ಅಂದರು. ಕೆಳಗೆ ಹಗ್ಗ ಹಿಡಿಯುವ ಇಬ್ಬರಲ್ಲಿ ಒಬ್ಬ ಹೋದ. "14 ಕೊಡ್ತೀನಿ ನೋಡು." ಕರೆಂಟಿನವರು ಲೈನ್ ಆಫ್ ಮಾಡಲಿ ಅಂತ ಕಾಯುವ ಅರ್ಧ ದಿನ ಹೋಯಿತು. ಬೆಳಗಿನ ಹೊತ್ತು ಲೋಡ್ ಶೆಡ್ಡಿಂಗ್ ಇರುತ್ತೆ, ಅಷ್ಟರಲ್ಲಿ ಮುಗಿಸಿಬಿಡೋಣ ಅಂತ ತೀರ್ಮಾನ. ಅದು ಯಾವಾಗ ವಾಪಸ್ ಬರುತ್ತೆ ಅಂತ ಯಾರೂ ಕೇಳಲಿಲ್ಲ. "11ಕ್ಕೆ ಮುಗ್ಸು." ತುಂಡು ಮಾಡಿ ಇಳಿಸುವ ಮಾತು ಹೋಯಿತು, ಒಂದೇ ಏಟಿಗೆ ರಸ್ತೆ ಕಡೆ ಬೀಳಿಸುವುದು ಅಂತಾಯಿತು. ಕೊನೆಗೆ 9,500. ಅಷ್ಟೊತ್ತಿಗೆ ಸೊಂಟದ ಬೆಲ್ಟೂ ಹೋಗಿತ್ತು. ಹೆಲ್ಮೆಟ್ ಕಳೆಯುವ ಪ್ರಮೇಯ ಬರಲಿಲ್ಲ, ಅದು 22,000ದಲ್ಲೂ ಇರಲಿಲ್ಲ.

"ಪೂಜೆ ಸಾಮಾನು ಬೇರೆ ಸಾರ್, 350."

"ಅದು ತಗೋಳಪ್ಪ, ಅದಕ್ಕೆಲ್ಲ ಚೌಕಾಸಿ ಮಾಡಬಾರದು."

ಮಾರನೇ ದಿನ ಚೈನ್ ಸಾಗೆ ಅರಿಶಿನ ಕುಂಕುಮ ಹಚ್ಚಿ, ಹಿಡಿಗೆ ನಿಂಬೆಹಣ್ಣು ಕಟ್ಟಿದರು. ಹವಾಯಿ ಚಪ್ಪಲಿಯ ಹುಡುಗನೊಬ್ಬ ಮೊದಲು ಮೇಲೆ ಹತ್ತಿ ಹಗ್ಗ ಬಿಗಿದು, ಅಲ್ಲೇ ಕೂತ. ಮರದ ಎತ್ತರದ ಎರಡರಷ್ಟು ದೂರ ಯಾರೂ ನಿಲ್ಲಬಾರದು ಅನ್ನುವುದು ಈ ಕಸುಬಿನ ಮೊದಲ ಪಾಠ. ನಮ್ಮಲ್ಲಿ ಅಷ್ಟು ದೂರ ನಿಂತರೆ ವಿಡಿಯೋ ಚೆನ್ನಾಗಿ ಬರಲ್ಲ. ಇಡೀ ಬೀದಿ ಹತ್ತಿರದಲ್ಲೇ ಇತ್ತು, ಪ್ರತಿಯೊಬ್ಬರೂ ಎಕ್ಸ್‌ಪರ್ಟ್. ಬೀಳಬೇಕಾದ ಕಡೆ ಕಾಂಡದ ನಾಲ್ಕನೇ ಒಂದು ಭಾಗದಷ್ಟು ಬಾಯಿ ತೆಗೆದು, ಹಿಂದಿನಿಂದ ಸ್ವಲ್ಪ ಮೇಲೆ ಕೊಯ್ಯುತ್ತ ಬಂದು, ನಡುವೆ ಒಂದು ಪಟ್ಟಿ ಕಡಿಯದೆ ಬಿಡಬೇಕು. ಬೀಳುವ ಮರಕ್ಕೆ ದಾರಿ ತೋರಿಸುವುದು ಆ ಪಟ್ಟಿಯೇ. ಪೊಳ್ಳು ಮರದಲ್ಲಿ ಆ ಜಾಗದಲ್ಲಿರುವುದು ಗೆದ್ದಲಿನ ಪುಡಿ.

ಮರ ರಸ್ತೆಯ ಕಡೆ ಹೊರಟು, ಅರ್ಧದಲ್ಲಿ ಮನಸ್ಸು ಬದಲಾಯಿಸಿ ತಿರುಚಿಕೊಂಡಿತು. ಮೇಷ್ಟ್ರ ಕಾಂಪೌಂಡು, ಗೇಟು, ಪಕ್ಕದ ಮನೆಯ ಸರ್ವಿಸ್ ವೈರು ಎಲ್ಲವನ್ನೂ ಕರೆದುಕೊಂಡು ಮಲಗಿತು. ಹುಡುಗ ಎದುರಿನ ಶೀಟ್ ಮೇಲೆ ಹಾರಿ ಮೊಣಕೈ ಮುರಿದುಕೊಂಡ, ತಲೆ ಉಳಿಯಿತು. ಯಾವುದರಿಂದ ಉಳಿಯಿತು ಅನ್ನುವುದರಲ್ಲಿ ಬೀದಿಯಲ್ಲಿ ಎರಡು ಮಾತಿರಲಿಲ್ಲ: ನಿಂಬೆಹಣ್ಣು. ಮೇಷ್ಟ್ರು ಹುಡುಗನ ಕೈಗೆ 500 ಇಟ್ಟು, "ನೋಡ್ಕೊಂಡು ಹತ್ತಬಾರದೇನೋ ಮಗಾ" ಅಂದರು. ಕಾಂಪೌಂಡು ಕಟ್ಟುವ ಗಾರೆಯವನು ಹೇಳಿದ ರೇಟು ಕೇಳಿ ಅವರು ಅರ್ಧ ಗಂಟೆ ಚೌಕಾಸಿ ಮರೆತು ಕೂತಿದ್ದರಂತೆ.

ಬೊಡ್ಡೆ ಕೀಳುವುದಕ್ಕೆ ಬೇರೆ ರೇಟು ಅಂದ ಕಾರಣ ಅದನ್ನು ಮಿಷನ್‌ನಲ್ಲಿ ನೆಲಮಟ್ಟಕ್ಕೆ ಸಮ ಮಾಡಿಸಿ ಬಿಟ್ಟರು.

ಇಷ್ಟೆಲ್ಲ ಆದ ಮೇಲೆ ಒಂದು ಬೆಳಿಗ್ಗೆ ಮೊದಲನೇ ಕಚೇರಿಯಿಂದ ಸ್ಥಳ ಪರಿಶೀಲನೆಗೆ ಬಂದರು. ಕೈಯಲ್ಲಿ ಮೇಷ್ಟ್ರ ಹಳೇ ಅರ್ಜಿ, ಮುಂದೆ ಬೊಡ್ಡೆ.

"ಯಾರು ಕಡಿದಿದ್ದು?"

ಮೇಷ್ಟ್ರು ಒಂದು ಕ್ಷಣ ಆಕಾಶ ನೋಡಿ, "ಗಾಳಿಗೆ ಬಿತ್ತು ಸಾರ್" ಅಂದರು.

ಬಂದವರು ಬಗ್ಗಿ, ಕೇರಂ ಬೋರ್ಡಿನಷ್ಟು ನುಣ್ಣಗಿದ್ದ ಬೊಡ್ಡೆಯ ಮೇಲೆ ಅಂಗೈ ಆಡಿಸಿ, ಅಂಟಿದ ಮರದ ಪುಡಿ ಒರೆಸಿಕೊಂಡರು. "ಗಾಳಿ ಬಹಳ ನೀಟಾಗಿ ಕೊಯ್ದಿದೆ" ಅಂದರು. ಆಮೇಲೆ ಅದೇ ಬೊಡ್ಡೆಯ ಮೇಲೆ ಕಡತ ಇಟ್ಟುಕೊಂಡು ಬರೆದರು: ಸ್ಥಳದಲ್ಲಿ ಯಾವುದೇ ಅಪಾಯಕಾರಿ ಮರ ಕಂಡುಬಂದಿಲ್ಲ, ಅರ್ಜಿ ವಿಲೇ ಮಾಡಲಾಗಿದೆ. ಸಾಕ್ಷಿಗೆ ಸಹಿ ಹಾಕಲು ವಿಡಿಯೋ ತೆಗೆದವರೆಲ್ಲ ಸಾಲಾಗಿ ನಿಂತರು.