ಗೋಡೆ ದಾಟಿ ಬಂದ ಮಸಾಲೆ ದೋಸೆ

ಭಾನುವಾರ ಬೆಳಗ್ಗೆ ಫೋನು. ‘ಸಾರ್, ಮ್ಯಾಪಲ್ಲಿ ನಿಮ್ಮ ಮನೆ ಮುಂದೇನೇ ಇದ್ದೀನಿ. ಆದ್ರೆ ಎದುರಿಗೆ ಗೋಡೆ ಇದೆ.’

ಡೆಲಿವರಿ ಹುಡುಗ ಹೇಳಿದ್ದು ನೂರಕ್ಕೆ ನೂರು ನಿಜ. ಅವನು ಪಕ್ಕದ ಬಡಾವಣೆಯಲ್ಲಿದ್ದ, ನಾನು ಈ ಬಡಾವಣೆಯಲ್ಲಿದ್ದೆ. ನಡುವೆ ಆರಡಿ ಎತ್ತರದ ಹಾಲೋ ಬ್ಲಾಕ್ ಗೋಡೆ. ‘ವಾಪಸ್ ರಿಂಗ್ ರೋಡಿಗೆ ಹೋಗಪ್ಪ, ಅಲ್ಲಿ ಯೂ ಟರ್ನ್ ತಗೊಂಡು...’ ಎಂದು ಶುರು ಮಾಡಿದೆ. ಅವನು ಅನುಭವಸ್ಥ. ‘ಕೈ ಮೇಲೆತ್ತಿ ಸಾರ್’ ಎಂದ. ಎತ್ತಿದೆ. ಮಸಾಲೆ ದೋಸೆ ಗೋಡೆ ದಾಟಿ ಬಂತು. ಚಟ್ನಿ ಮಾತ್ರ ಅವರ ಬಡಾವಣೆಯಲ್ಲೇ ಉಳಿಯಿತು.

ಮೈಸೂರು ಪ್ಲಾನ್ಡ್ ಸಿಟಿ ಅಂತ ಬೆಂಗಳೂರಿನ ನೆಂಟರ ಮುಂದೆ ಕೊಚ್ಚಿಕೊಳ್ಳದ ಮೈಸೂರಿಗ ಇನ್ನೂ ಹುಟ್ಟಿಲ್ಲ. ಸುಳ್ಳೇನಲ್ಲ. ಪ್ಲೇಗಿಗೆ ಊರು ನಡುಗಿದ ಮೇಲೆ, 1903ರಲ್ಲೇ, ಊರು ತಿದ್ದೋಕೆ ಅಂತ ಟ್ರಸ್ಟ್ ಬೋರ್ಡ್ ಮಾಡಿಕೊಂಡ ಊರಿದು. ಚಾಮರಾಜಪುರಂ, ಲಕ್ಷ್ಮೀಪುರಂ ಕಡೆ ಒಂದು ಸುತ್ತು ನಡೆದು ಬನ್ನಿ. ನೇರ ರಸ್ತೆ, ಅದಕ್ಕೆ ಅಡ್ಡರಸ್ತೆ, ಮನೆಗಳ ಬೆನ್ನಿಗೆ ಕಸ, ಹೊಲಸು ಸಾಗಿಸೋಕೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿ. ಒಂದು ಬೀದಿ ತಪ್ಪಿದರೆ ಇನ್ನೊಂದು ಬೀದಿ ಕೈ ಹಿಡಿಯುತ್ತೆ. ನಮ್ಮ ಬೀದಿಗೆ ಕಸದ ಆಟೊ ಹಿಮ್ಮುಖವಾಗಿ ಬರುತ್ತೆ, ಹಾಡು ಹಾಕಿಕೊಂಡು. ಕೊನೆಯಲ್ಲಿ ತಿರುಗಿಸೋಕೆ ಜಾಗ ಇಲ್ಲ.

ಹಾಗಂತ ನಮ್ಮ ಬಡಾವಣೆಗೆ ನಕ್ಷೆ ಇಲ್ಲ ಅಂದುಕೊಳ್ಳಬೇಡಿ. ಎಂಥ ನಕ್ಷೆ ಅಂತೀರಿ! ಅದರಲ್ಲಿ ನಮ್ಮ ಮೂವತ್ತಡಿ ರಸ್ತೆ ಪಕ್ಕದ ಬಡಾವಣೆಯ ಮೂವತ್ತಡಿ ರಸ್ತೆಗೆ ಸೇರುತ್ತೆ. ಬಾಣದ ಗುರುತು ಕೂಡ ಹಾಕಿದ್ದಾರೆ. ನೆಲದ ಮೇಲೆ ಬಾಣ ಹೋಗಿ ಗೋಡೆಗೆ ನಾಟಿದೆ. ಗೋಡೆ ಒಡೆದರೂ ಪ್ರಯೋಜನ ಅಷ್ಟಕ್ಕಷ್ಟೇ. ಅವರ ರಸ್ತೆ ನಮ್ಮದಕ್ಕಿಂತ ನಾಲ್ಕಡಿ ಕೆಳಗಿದೆ, ಹತ್ತಡಿ ಪಕ್ಕಕ್ಕೂ ಇದೆ. ಅವರ ಸರ್ವೆ ನಂಬರು ಅವರಿಗೆ, ನಮ್ಮ ಸರ್ವೆ ನಂಬರು ನಮಗೆ. ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಈ ಎರಡು ಹೊಲಗಳ ನಡುವೆ ಬದು ಇತ್ತು. ಅದರ ಮೇಲೆ ಜನ ಓಡಾಡುತ್ತಿದ್ದರಂತೆ.

ಈ ಮೂವತ್ತಡಿಯ ಲೆಕ್ಕವನ್ನೂ ನೋಡೋಣ. ವಸತಿ ರಸ್ತೆಗೆ ಕನಿಷ್ಠ 1.8 ಮೀಟರ್ ಅಗಲದ ಫುಟ್‌ಪಾತ್ ಇರಬೇಕು, ಅದರ ಎತ್ತರ 15 ಸೆಂಟಿಮೀಟರ್ ಮೀರಬಾರದು ಅನ್ನುತ್ತೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. (ಇದು ಆ ಕಾಂಗ್ರೆಸ್ ಅಲ್ಲ. ಇದು ರಸ್ತೆ ಬಗ್ಗೆ ಮಾತಾಡುತ್ತೆ.) ಎರಡೂ ಕಡೆ ಬಿಟ್ಟರೆ ಹನ್ನೆರಡು ಅಡಿ ಹೋಯಿತು. ಆ ಹನ್ನೆರಡು ಅಡಿಯಲ್ಲಿ ಈಗ ಏನೇನಿದೆ ಅಂದರೆ, ಕಾರು ಹತ್ತಿಸುವ ಇಳಿಜಾರು, ಸಂಪಿನ ಮುಚ್ಚಳ, ಒಂದು ಟ್ರಾನ್ಸ್‌ಫಾರ್ಮರ್, ಮುಗಿಯದ ಮನೆಯ ಜಲ್ಲಿ, ಮೆಶ್ ಹಾಕಿದ ಕೈತೋಟ. ಕೈತೋಟದಲ್ಲಿರುವ ಕೆಂಪು ದಾಸವಾಳ ನನ್ನದೇ. ಬೇಕಾದವರು ಬೆಳಗ್ಗೆ ಪೂಜೆಗೆ ಕಿತ್ತುಕೊಳ್ಳಬಹುದು, ರಸ್ತೆಯಲ್ಲಿ ನಿಂತು. ಡಾಂಬರಿನ ಸುದ್ದಿ ಎತ್ತುವುದಿಲ್ಲ. ಪೇಪರ್ ದೋಸೆ ಅದಕ್ಕಿಂತ ದಪ್ಪ.

ಪಾರ್ಕ್ ಇದೆ. ಹೈಟೆನ್ಷನ್ ತಂತಿಯ ಕೆಳಗೆ.

ಎಲ್ಲ ಬಿಟ್ಟು ಒಂದು ನಿಯಮ ಮಾತ್ರ ಚಾಚೂ ತಪ್ಪದೆ ಪಾಲನೆಯಾಗಿದೆ. ಅದು ವಾಸ್ತು. ಪೂರ್ವದ ಬಾಗಿಲಿಗೆ ರೇಟು ಜಾಸ್ತಿ, ಅಲ್ವಾ? ಅದಕ್ಕೇ ರಸ್ತೆಗಳೆಲ್ಲ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಮಲಗಿವೆ. ಒಂದು ಬದಿ ಪೂರ್ವ, ಇನ್ನೊಂದು ಬದಿ ಪಶ್ಚಿಮ. ದಕ್ಷಿಣಕ್ಕೆ ಬಾಗಿಲು ಅಂದರೆ ಕೊಳ್ಳುವವರು ಅಲ್ಲಿಂದಲೇ ಚಪ್ಪಲಿ ಹಾಕಿಕೊಳ್ಳುತ್ತಾರೆ. ಅಡ್ಡರಸ್ತೆ ಕೊಟ್ಟರೆ ಎರಡು ಸೈಟು ಕಡಿಮೆ ಆಗುತ್ತೆ, ಮೇಲೆ ರಸ್ತೆ ಕುತ್ತು ಬೇರೆ. ರಸ್ತೆ ಬಂದು ನೇರ ಬಾಗಿಲಿಗೆ ಗುದ್ದುವ ಸೈಟು ಯಾರಿಗೆ ಬೇಕು? ಹಳೇ ಬಡಾವಣೆಗಳಲ್ಲಿ ಅಂಥ ಮನೆಯವರು ಕಾಂಪೌಂಡಿನಲ್ಲಿ ಒಂದು ಪುಟ್ಟ ಗಣಪತಿ ಕೂರಿಸಿ ಸುಮ್ನೆ ಇರುತ್ತಿದ್ದರು. ಈಗ ಆ ಕುತ್ತಿನ ಭಯಕ್ಕೆ ಅಡ್ಡರಸ್ತೆಯನ್ನೇ ತೆಗೆದಿದ್ದಾರೆ. ಗಣಪತಿಗೂ ಕೆಲಸ ಇಲ್ಲ. ನನ್ನ ಮನೆಯ ಈಶಾನ್ಯ ಮೂಲೆ ಎಷ್ಟು ಶುದ್ಧವಾಗಿದೆ ಅಂದರೆ ನೋಡಿದ ಜೋಯಿಸರು ಕೈ ಮುಗಿದರು. ಆಮೇಲೆ ಹೊರಗೆ ಹೋಗುವ ದಾರಿ ಯಾವುದು ಅಂತ ಕೇಳಿದರು.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಎದುರು ಮನೆಯ ಅಜ್ಜಿಗೆ ಉಸಿರು ಸಿಕ್ಕಿಕೊಂಡಿತು. ಆಂಬುಲೆನ್ಸ್ ಬೇಗನೇ ಬಂತು. ಗೋಡೆಯ ಆಚೆಗೆ ಬಂತು. ನೀಲಿ ಲೈಟು ಗೋಡೆಯ ಮೇಲಿಂದ ನಮ್ಮ ಕಿಟಕಿಗಳ ಮೇಲೆ ತಿರುಗುತ್ತಿತ್ತು. ಅಜ್ಜಿಯ ಮಗ ನೈಟ್ ಪ್ಯಾಂಟಿನಲ್ಲಿ ಗೋಡೆ ಹಿಡಿದುಕೊಂಡು ಡ್ರೈವರನಿಗೆ ದಾರಿ ಕೂಗಿ ಹೇಳುತ್ತಿದ್ದ. ಅವರು ಸುತ್ತಿಕೊಂಡು ಬರಲು ಹದಿನೈದು ನಿಮಿಷ ಹಿಡಿಯಿತು. ಅಜ್ಜಿ ಉಳಿದರು. ಇಷ್ಟು ಹೊತ್ತು ನಕ್ಕೆ, ಇದಕ್ಕೆ ನಗು ಬರುವುದಿಲ್ಲ. ಈ ನಕ್ಷೆಗೆ ಒಬ್ಬರು ಸಹಿ ಹಾಕಿದ್ದಾರೆ. ಸಹಿ ಹಾಕುವ ಮುಂಚೆ ಒಂದು ಸಲ ಆ ಮೂಲೆಗೆ ನಡೆದು ಬಂದು ನಿಂತಿದ್ದರೆ ಸಾಕಿತ್ತು. ಒಂದೇ ಒಂದು ಸಲ. ಸಾಲ ಮಾಡಿ ಕಟ್ಟಿಕೊಂಡ ಮನೆಯಲ್ಲಿ ಇಷ್ಟು ಕೇಳುವುದೂ ಜಾಸ್ತಿ ಆಯಿತಾ?

ಕೇಳೋಕೆ ಹೋಗಿದ್ದೂ ಉಂಟು. ಬಡಾವಣೆ ಮಾಡಿದವರು ರಸ್ತೆ ಹಸ್ತಾಂತರ ಆಗಿಹೋಗಿದೆ ಅಂದರು. ಕೊಟ್ಟಿದ್ದೇವೆ ಅಂದವರು ಒಬ್ಬರು, ನಮಗೆ ಬಂದಿಲ್ಲ ಅಂದವರು ಇನ್ನೊಬ್ಬರು. ನಮ್ಮ ರಸ್ತೆ ಇಷ್ಟೊಂದು ಕೈ ಬದಲಿಸಿದ್ದರೂ ಒಂದಡಿ ಮುಂದೆ ಹೋಗಿಲ್ಲ. ಜಮೀನು ಕೊಟ್ಟವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಅರ್ಧ ಕೊಡುವ ಮುಡಾದ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ) 50:50 ಸೈಟು ಹಂಚಿಕೆ ಬಗ್ಗೆ ಊರೆಲ್ಲ ಗುಲ್ಲೆದ್ದಾಗ, ನಮ್ಮ ರಸ್ತೆಯಲ್ಲಿ ಅರ್ಧವಾದರೂ ಸಿಗಬಹುದೇನೋ ಅಂತ ಆಸೆಯಾಗಿತ್ತು.

ಈಗ ಯಾರೋ ಪುಣ್ಯಾತ್ಮರು ಗೋಡೆಯ ಎರಡೂ ಕಡೆ ಮೂರು ಮೂರು ಬ್ಲಾಕ್ ಮೆಟ್ಟಿಲಿನಂತೆ ಪೇರಿಸಿಟ್ಟಿದ್ದಾರೆ. ಬೆಳಗ್ಗೆ ಮನೆಕೆಲಸದ ಹೆಂಗಸರು ಟಿಫಿನ್ ಡಬ್ಬಿಯನ್ನು ಮೊದಲು ಗೋಡೆ ಮೇಲಿಟ್ಟು, ಸೆರಗು ಸಿಕ್ಕಿಸಿ, ದಾಟಿ, ಆಮೇಲೆ ಡಬ್ಬಿ ಇಳಿಸಿಕೊಳ್ಳುತ್ತಾರೆ. ಮಕ್ಕಳು ಬ್ಯಾಗ್ ಎಸೆದು ಹಾರುತ್ತಾರೆ. ನಕ್ಷೆಯ ಬಾಣ ತೋರಿಸಿದ ದಾರಿ ಇದೇ ಇರಬೇಕು.

ಕಳೆದ ವಾರ ನಮ್ಮ ನಿವಾಸಿಗಳ ಸಂಘದ ಸಭೆ ಇತ್ತು. ಒಂದೇ ವಿಷಯ: ಹೊರಗಿನವರು ಹತ್ತುತ್ತಿರುವುದರಿಂದ ಗೋಡೆಯ ಮೇಲೆ ಗಾಜಿನ ಚೂರು ಹಾಕಿಸುವುದು. ಮನೆಗೆ ಐನೂರು ರೂಪಾಯಿ. ನಾನೂ ಕೊಟ್ಟು ಬಂದೆ. ದೋಸೆ ಬರುವಷ್ಟು ಜಾಗ ಬಿಟ್ಟು ಹಾಕಿ ಅಂತ ಹೇಳಿದ್ದೇನೆ.